ಫ್ಲಾಪಿಯೊಳಗೊಬ್ಬ

ನೂರಡಿ ರಸ್ತೆಯಲ್ಲಿ, ಟೈರ್ ಅಂಗಡಿಯ ಮೇಲೆ,
ಇನಾಯತ್ ಸರ್ ಅವರ ಕಂಪ್ಯೂಟರ್ ಸೆಂಟರು.
ಚಪ್ಪಲಿ ಹೊರಗೆ. ಮೂರು ಮಷೀನಿಗೂ ಹಳೇ ಸೀರೆಯ ಹೊದಿಕೆ.
ಟೈಪಿಂಗ್ ಕಲೀಲಿ ಅಂತ ಅಪ್ಪ ಕಟ್ಟಿದ ಫೀಸಿನಲ್ಲಿ
ನಾನು ದೇವರಾಗುವುದು ಕಲಿತೆ,
ಗಂಟೆಗೆ ಹನ್ನೆರಡು ರೂಪಾಯಿ.

ಮೊದಲು ಕಪ್ಪು. ಆಮೇಲೆ ಮಿಟುಕುವ ಬಿಳೀ ಗೆರೆ.
ಎಂಟಕ್ಷರ ಕುಟ್ಟಿ ಎಂಟರ್ ಒತ್ತಿದರೆ
ಸಮುದ್ರ.
ನಾನು ಸಮುದ್ರ ಕಂಡಿದ್ದೇ ಅಲ್ಲಿ, ಅದಕ್ಕೂ ಮುಂಚೆ
ದೊಡ್ಡ ನೀರು ಅಂದರೆ ನಾಲೆ.
ನಡುವೆ ಹಲಗೆಯಷ್ಟು ನೆಲ,
ನೆಲದ ಮೇಲೆ ರಾಗಿಕಾಳಿನಂಥ ಜನ.

ಅವರಿಗೆ ಬೇಕಾದ್ದು ಮಟ್ಟಸವಾದ ನೆಲ, ಅಷ್ಟೇ.
ಗುಡ್ಡ ಇಳಿಸು, ಹಳ್ಳ ಏರಿಸು, ಗುಡಿಸಲು ಏಳುತ್ತೆ.
ಇನ್ನು ನಾಕು ಚೌಕ ಸಮ ಮಾಡು, ಹೆಂಚಿನ ಮನೆ.
ಇದು ನನಗೆ ಗೊತ್ತಿತ್ತು.
ನಾಟಿಗೆ ಮುಂಚೆ ಸೋದರಮಾವ ಮಟ್ಟಹಲಗೆಯ ಮೇಲೆ
ಭಾರಕ್ಕೆಂದು ನನ್ನ ಕೂರಿಸಿ ಎತ್ತು ಹೊಡೆಯುತ್ತಿದ್ದ.
ಕೆಸರು ಸಮವಾದ ಕಡೆ ನೀರು ಸುಮ್ಮನೆ ಕೂರುತ್ತೆ.
ಜನವೂ ಹಾಗೇ ಅಂದುಕೊಂಡಿದ್ದೆ.

ಪಕ್ಕದ ಮಷೀನಿನಲ್ಲಿ ಶಿವಮಲ್ಲು.
ಎರಡಕ್ಕೂ ನಡುವೆ ಒಂದು ಕೇಬಲ್ಲು,
ಅವನು ಕೆಂಪು ಜನಕ್ಕೆ ದೇವರು, ನಾನು ನೀಲಿಗೆ.
ಕಟ್ಟುವ ತಾಳ್ಮೆ ಅವನಿಗಿಲ್ಲ.
ಭಕ್ತಿ ಒಂದಿಷ್ಟು ಕೂಡಿತೋ, ಭೂಕಂಪ.
ಇನ್ನಷ್ಟು ಕೂಡಿದರೆ ಪ್ರವಾಹ.
"ಶೀಲೀ, ನಿನ್ನೂರು ಮುಳುಗೋಯ್ತು ನೋಡಮ್ಮೀ" ಅಂತ
ಕುರ್ಚಿಯಲ್ಲೇ ಕುಣಿಯುವನು.
ನಾನು ಹಲ್ಲು ಕಚ್ಚಿ ಒಂದೊಂದೇ ಚೌಕ ಮೇಲೆತ್ತುವಳು.
ಕಿಟಕಿಯಲ್ಲಿ ಶುಗರ್ ಫ್ಯಾಕ್ಟರಿಯ ಕಾಕಂಬಿ ವಾಸನೆ.
ಪ್ರಳಯ ಅಂದರೆ ಇವತ್ತಿಗೂ ನನಗದೇ ವಾಸನೆ.

ಒಂದು ಸಂಜೆ, ಆರಕ್ಕೆ ಐದು ನಿಮಿಷ.
ಆರಕ್ಕೆ ಕರೆಂಟು ಹೋಗುವುದು ದೇವರಿಗೂ ಗೊತ್ತಿದ್ದ ವಿಷಯ.
ಅವಸರದಲ್ಲಿ ತಪ್ಪು ಗುಂಡಿ ಒತ್ತಿದೆ, ನೆಲ ಏರುವ ಬದಲು ಕುಸಿಯಿತು.
ಎಲ್ಲ ಹೋಗಿ ಒಂದು ಚೌಕ ಉಳಿಯಿತು,
ಚೌಕದ ಮೇಲೆ ಒಬ್ಬ.
ಅತ್ತ ಎರಡು ಹೆಜ್ಜೆ, ಇತ್ತ ಎರಡು ಹೆಜ್ಜೆ,
ನಿಂತು ಕೈ ಎತ್ತುತ್ತಿದ್ದ.
ಒಬ್ಬನೇ ಒಬ್ಬನ ಭಕ್ತಿಗೆ
ಇನ್ನೊಂದು ಚೌಕ ಏಳುವುದಿಲ್ಲ. ಅದು ಆಟದ ನಿಯಮ.
ಫ್ಲಾಪಿಗೆ ಸೇವ್ ಮಾಡಿದೆ. ಡ್ರೈವು ಗರಗರ ಅಂತು.
ಗರಗರ ನಿಂತಿತು, ಕರೆಂಟು ಹೋಯಿತು,
ಯಾವುದು ಮೊದಲು ತಿಳಿಯಲಿಲ್ಲ.
ಮುಂದಿನ ತಿಂಗಳು ಇನಾಯತ್ ಸರ್ ಮಷೀನು ಮಾರಿ
ಜೆರಾಕ್ಸ್ ಹಾಕಿದರು.

ಈಗ ತಾಲ್ಲೂಕು ಕಚೇರಿಯಲ್ಲಿ ಪಹಣಿ ಕೊಡುತ್ತೇನೆ.
ಸರ್ವೆ ನಂಬರ್ ಹೇಳಿ ಅಂದರೆ
"ಕೆರೆಯೇರಿ ಪಕ್ಕ ಕಣವ್ವ, ಹುಣಸೇಮರದ ಕೆಳಕ್ಕೆ" ಅನ್ನುತ್ತಾರೆ,
ಮೇಲಿಂದ ನನಗೆಲ್ಲ ಕಾಣುತ್ತೆ ಎಂಬಂತೆ.
ಸರ್ವರ್ ಡೌನ್ ಅನ್ನುತ್ತೇನೆ. ನಂಬುತ್ತಾರೆ.
ಹೊಂಗೆ ನೆರಳಿಗೆ ಹೋಗಿ ಕೂರುತ್ತಾರೆ,
ಅರ್ಧ ಗಂಟೆಗೊಮ್ಮೆ ಒಬ್ಬರು ಬಂದು ಕಿಂಡಿಯಲ್ಲಿ ಇಣುಕುತ್ತಾರೆ,
ಬಾಯಿ ಬಿಡದೆ.

ಹೋದ ವಾರ ಶಿವಮಲ್ಲು ಬಂದಿದ್ದ.
ಜೆಸಿಬಿ ಇಟ್ಟಿದ್ದಾನೆ, ಲೇಔಟುಗಳಿಗೆ ಗದ್ದೆ ಮಟ್ಟ ಮಾಡುತ್ತಾನೆ.
ಪಹಣಿ ಮಡಚಿ ಜೇಬಿಗಿಟ್ಟುಕೊಂಡು, ಹೊರಟವನು ತಿರುಗಿ ನಿಂತು:
"ಅವತ್ತೆಲ್ಲ ನೀನೇ ಗೆಲ್ತಿದ್ದೆ ಕಣಮ್ಮೀ.
ಸೋಲೋ ಹೊತ್ಗೆ ಕಾಲಲ್ಲಿ ಕೇಬಲ್ ಎಳ್ದುಬುಡ್ತಿದ್ದೆ."
ಇಪ್ಪತ್ತೇಳು ವರ್ಷ ಹಿಡಿದಿಟ್ಟಿದ್ದ ಮಾತು.
ನಾನು ಮುಂದಿನವರನ್ನು ಕರೆದೆ.

ಫ್ಲಾಪಿ ಡ್ರಾಯರಿನಲ್ಲಿದೆ, ಸೀಲಿನ ಇಂಕು ಪ್ಯಾಡಿನಡಿ.
ಅದನ್ನು ನುಂಗುವ ಬಾಯಿ ಈ ಕಚೇರಿಯ ಯಾವ ಕಂಪ್ಯೂಟರಿಗೂ ಇಲ್ಲ.
ಲೇಬಲ್ಲಿನ ಮೇಲೆ ಬಾಲ್‌ಪೆನ್ನಿನ ನನ್ನ ಗುಂಡಕ್ಷರ:
ಜಯಶೀಲ, ಆಟ ಎರಡು, ಅಳಿಸಬೇಡಿ.
ಊಟದ ಹೊತ್ತಿನಲ್ಲಿ ಒಮ್ಮೊಮ್ಮೆ ಕಿವಿಯ ಹತ್ತಿರ ಅಲುಗಿಸುತ್ತೇನೆ.
ಒಳಗೆ ಏನೋ ಸರಿದ ಹಾಗೆ.
ಅತ್ತ ಎರಡು ಹೆಜ್ಜೆ.